ರ‍್ಯಾಮ್ ಪೆಟ್ಟಿಗೆಯ ಮೇಲಿನ ಅಂಕಿಗಳು: ಒಂದು ವಿಮರ್ಶೆ

ಮೇಲ್ದರ್ಜೆಯ ಗಣಕವೊಂದನ್ನು ಬಿಡಿಭಾಗಗಳಿಂದ ಜೋಡಿಸಿಕೊಳ್ಳಬೇಕೆಂದು ನೀವು ಹೊರಟಿದ್ದೀರಿ ಎಂದುಕೊಳ್ಳಿ. ಅಂಗಡಿಯವರು ಬರೆದುಕೊಡುವ ಕೊಟೇಷನ್ನಿನಲ್ಲಿ ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಇವೆಲ್ಲಕ್ಕೂ ಒಂದೊಂದು ಹೆಸರಿರುತ್ತದೆ. ಸ್ಮೃತಿಯ ಸಾಲಿಗೆ ಬಂದಾಗ ಮಾತ್ರ ಹೆಸರಿಗಿಂತ ಅಂಕಿಗಳೇ ಹೆಚ್ಚು: ‘32 ಜಿಬಿ (16×2), ಡಿಡಿಆರ್5, 6000 ಮೆಗಾಹರ್ಟ್ಸ್, ಸಿಎಲ್30, ಆರ್‌ಜಿಬಿ’. ಇವುಗಳಲ್ಲಿ ಯಾವುದು ದೊಡ್ಡದಿದ್ದರೆ ಒಳ್ಳೆಯದು, ಯಾವುದು ಚಿಕ್ಕದಿದ್ದರೆ ಒಳ್ಳೆಯದು ಎಂಬುದು ಕೊಳ್ಳುವವರಲ್ಲಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಮಾರುವವರಲ್ಲೂ ಎಲ್ಲರಿಗೂ ತಿಳಿದಿರುತ್ತದೆ ಎನ್ನುವಂತಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಪಕ್ಕದಲ್ಲೇ ಮನೆಯಿರುವವರಿಗೆ ಇದೊಂದು ದೊಡ್ಡ ತೊಡಕಲ್ಲ. ಹೊಂದದಿದ್ದರೆ ಮರುದಿನ ಹೋಗಿ ಬದಲಾಯಿಸಿ ತರಬಹುದು. ಆದರೆ ನೀವು ಯಳಂದೂರಿನಲ್ಲಿದ್ದೀರಿ. ಬಿಡಿಭಾಗ ತರಬೇಕೆಂದರೆ ಮೈಸೂರಿಗೆ ಹೋಗಬೇಕು, ಇಲ್ಲವೇ ಕೊಳ್ಳೇಗಾಲ, ಮಳವಳ್ಳಿ, ಕನಕಪುರ ದಾಟಿ ಬೆಂಗಳೂರಿಗೆ ಹೋಗಬೇಕು, ಅಥವಾ ಕೊರಿಯರ್‌ಗೆ ಕಾಯಬೇಕು. ತಪ್ಪು ಆಯ್ಕೆಯ ಬೆಲೆ ಇಲ್ಲಿ ಹಣವಷ್ಟೇ ಅಲ್ಲ, ದಿನಗಳೂ ಹೌದು. ಆದ್ದರಿಂದ ಪೆಟ್ಟಿಗೆಯ ಮೇಲಿನ ಬರಹವನ್ನು ಕೊಳ್ಳುವ ಮುನ್ನವೇ ವಿಮರ್ಶೆಗೆ ಒಳಪಡಿಸುವುದು ಅಗತ್ಯ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಮೇಲೆ ಅತಿ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವ ಅಂಕಿ ನಿಮಗೆ ಅತಿ ಕಡಿಮೆ ತಿಳಿಸುತ್ತದೆ. ನೀವು ತಿಳಿಯಲೇಬೇಕಾದ ಎರಡು ಸಂಗತಿಗಳು, ಎಂದರೆ ನಿಮ್ಮ ಕೆಲಸಕ್ಕೆ ಎಷ್ಟು ಸ್ಮೃತಿ ಬೇಕು ಮತ್ತು ಆ ಸ್ಮೃತಿ ತಪ್ಪು ಮಾಡಿದರೆ ನಿಮಗೆ ಗೊತ್ತಾಗುತ್ತದೆಯೇ ಎಂಬುದು, ಅಲ್ಲಿ ಅಚ್ಚಾಗಿರುವುದೇ ಇಲ್ಲ.

ಮೆಗಾಹರ್ಟ್ಸ್ ಎಂಬ ಹೆಸರು

ಮೊದಲು 6000ವನ್ನೇ ನೋಡೋಣ. ಇದು ಮೆಗಾಹರ್ಟ್ಸ್ ಅಲ್ಲ. ಡಿಡಿಆರ್ ಎಂಬ ಹೆಸರಿನ ಅರ್ಥವೇ ‘ಇಮ್ಮಡಿ ದರ’ ಎಂದು. ಗಡಿಯಾರದ ಒಂದು ಮಿಡಿತದಲ್ಲಿ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ಹೀಗೆ ಎರಡು ಸಲ ದತ್ತಾಂಶ ಸಾಗುತ್ತದೆ. 6000 ಎಂದು ಬರೆದಿರುವ ಸ್ಟಿಕ್ಕಿನ ಗಡಿಯಾರ ಓಡುವುದು 3000 ಮೆಗಾಹರ್ಟ್ಸ್‌ನಲ್ಲಿ. ಸೆಕೆಂಡಿಗೆ 600 ಕೋಟಿ ವರ್ಗಾವಣೆಗಳು ಎಂಬುದು ಆ ಅಂಕಿಯ ನಿಜವಾದ ಅರ್ಥ.

ಇದು ಬರಿಯ ಪದಗಳ ಜಗಳವೆಂದು ನಿಮಗೆ ಅನ್ನಿಸಬಹುದು. ಅದೇ ಪೆಟ್ಟಿಗೆಯ ಸ್ಟಿಕ್ಕನ್ನು ಹಾಕಿ ಗಣಕ ಚಾಲೂ ಮಾಡಿದರೆ ಬಯೋಸ್‌ನಲ್ಲಿ 4800 ಎಂದು ಕಾಣಿಸಬಹುದು. ಆಗ ನಿಮಗೆ ಮೋಸವಾಯಿತೆಂಬ ಅನುಮಾನ ಬರುತ್ತದೆ. ವಾಸ್ತವವಾಗಿ ಜೆಡೆಕ್ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ನಿಗದಿಪಡಿಸಿದ ದರದಲ್ಲಿ ಮಾತ್ರ ಸ್ಟಿಕ್ ತಾನಾಗಿ ಓಡುತ್ತದೆ. ಪೆಟ್ಟಿಗೆಯ ದರ ಬೇಕಿದ್ದರೆ ನೀವೇ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಮೊದಲನೆಯದು ಇಂಟೆಲ್‌ನದು, ಎರಡನೆಯದು ಎಎಂಡಿ 2022ರಲ್ಲಿ ತಂದದ್ದು. ಹೀಗೆ ಆನ್ ಮಾಡುವುದು ತಾಂತ್ರಿಕವಾಗಿ ಪ್ರೊಸೆಸರನ್ನು ಅದರ ತಯಾರಕರು ಹೇಳಿದ ಮಿತಿಗಿಂತ ಮೇಲೆ ಓಡಿಸುವುದೇ ಆಗಿದೆ. ಎಎಂಡಿಯ ರೈಜೆನ್ 7000 ಸರಣಿಗೆ ಅಧಿಕೃತ ಮಿತಿ 5200, 9000 ಸರಣಿಗೆ 5600. ಅದಕ್ಕಿಂತ ಮೇಲಿನದು ಸಾಮಾನ್ಯವಾಗಿ ನಡೆಯುತ್ತದೆ, ಆದರೆ ನಡೆಯಲೇಬೇಕೆಂದು ಯಾರೂ ಬರೆದುಕೊಟ್ಟಿಲ್ಲ.

ಅಮೆರಿಕದಲ್ಲಿ ಗ್ರಾಹಕರು ಈ ವಿಷಯವನ್ನು ನ್ಯಾಯಾಲಯಕ್ಕೇ ಒಯ್ದರು. ಪೆಟ್ಟಿಗೆಯ ಮೇಲಿನ ವೇಗ ಸ್ಟಿಕ್ ಹಾಕಿದೊಡನೆ ಸಿಗುವುದಿಲ್ಲ ಎಂಬುದು ಅವರ ದೂರು. ಕೋರ್ಸೇರ್ ಕಂಪನಿ ತಪ್ಪನ್ನು ಒಪ್ಪಿಕೊಳ್ಳದೆಯೇ 55 ಲಕ್ಷ ಡಾಲರುಗಳ ರಾಜಿಗೆ 2025ರಲ್ಲಿ ಸಮ್ಮತಿಸಿತು. ನಮ್ಮಲ್ಲಿ ಅಂಥ ದಾವೆ ಹೂಡಲು ಯಾರಿಗೆ ಪುರುಸೊತ್ತಿದೆ?

ಇಪ್ಪತ್ತು ವರ್ಷ ಕದಲದ ಹತ್ತು ನ್ಯಾನೋಸೆಕೆಂಡು

ಗಣಕದ ಸ್ಮೃತಿಯಲ್ಲಿ ಒಂದು ಬಿಟ್ ಕೂಡಿಡಲು ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಪುಟ್ಟ ಧಾರಕ ಸಾಕು ಎಂಬ ಉಪಾಯ ಐಬಿಎಂನ ರಾಬರ್ಟ್ ಡೆನಾರ್ಡ್ ಅವರಿಗೆ 1966ರಲ್ಲಿ ಹೊಳೆಯಿತು. 1968ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. 1970ರಲ್ಲಿ ಮಾರುಕಟ್ಟೆಗೆ ಬಂದ ಇಂಟೆಲ್ 1103 ಚಿಪ್ಪಿನಲ್ಲಿ ಇದ್ದದ್ದು 1024 ಬಿಟ್‌ಗಳು. ಇಂದು ನೀವು ಕೊಳ್ಳುವ 32 ಜಿಬಿಯಲ್ಲಿ ಸುಮಾರು 27,500 ಕೋಟಿ ಇಂಥ ಕೋಶಗಳಿವೆ. ಧಾರಕದಲ್ಲಿ ವಿದ್ಯುದಾವೇಶವಿದ್ದರೆ 1, ಇಲ್ಲದಿದ್ದರೆ 0. ಆದರೆ ಈ ಧಾರಕ ತೂತುಬಿದ್ದ ಕೊಡವಿದ್ದಂತೆ, ತುಂಬಿಟ್ಟದ್ದು ಸೋರಿಹೋಗುತ್ತಲೇ ಇರುತ್ತದೆ. ಆದ್ದರಿಂದ ಡಿಡಿಆರ್5ರಲ್ಲಿ ಪ್ರತಿ 32 ಮಿಲಿಸೆಕೆಂಡಿಗೊಮ್ಮೆ ಎಲ್ಲ ಕೋಶಗಳನ್ನೂ ಓದಿ ಮತ್ತೆ ತುಂಬಬೇಕು. ಚಿಪ್ಪಿನ ಉಷ್ಣತೆ 85 ಡಿಗ್ರಿ ದಾಟಿದರೆ ಸೋರಿಕೆ ಹೆಚ್ಚುವುದರಿಂದ ಇದನ್ನು ಇನ್ನೂ ಎರಡು ಪಟ್ಟು ಬೇಗ ಮಾಡಬೇಕು. ಬೇಸಿಗೆಯಲ್ಲಿ ಕ್ಯಾಬಿನೆಟ್ಟಿನ ಗಾಳಿಯಾಟವನ್ನು ನೋಡಿಕೊಳ್ಳಿ ಎಂದು ಹೇಳುವುದು ಇದಕ್ಕೇ.

ಈಗ ಸಿಎಲ್30 ಎಂಬುದಕ್ಕೆ ಬರೋಣ. ಒಂದು ಮಾಹಿತಿಯನ್ನು ಕೇಳಿದ ಮೇಲೆ ಮೊದಲ ತುಣುಕು ಹೊರಬರಲು ಗಡಿಯಾರದ ಎಷ್ಟು ಮಿಡಿತಗಳು ಬೇಕು ಎಂಬುದನ್ನು ಇದು ಸೂಚಿಸುತ್ತದೆ. ಮಿಡಿತಗಳನ್ನು ಕಾಲವನ್ನಾಗಿ ಬದಲಿಸಲು ಸುಲಭ ಸೂತ್ರವೊಂದಿದೆ. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ ಪೆಟ್ಟಿಗೆಯ ದೊಡ್ಡ ಅಂಕಿಯಿಂದ ಭಾಗಿಸಿ, ಉತ್ತರ ನ್ಯಾನೋಸೆಕೆಂಡುಗಳಲ್ಲಿ ಬರುತ್ತದೆ. 6000, ಸಿಎಲ್30 ಎಂದರೆ 10 ನ್ಯಾನೋಸೆಕೆಂಡು. ಹಿಂದಿನ ತಲೆಮಾರಿನ ಡಿಡಿಆರ್4ರಲ್ಲಿ 3200, ಸಿಎಲ್16 ಎಂದರೂ 10 ನ್ಯಾನೋಸೆಕೆಂಡೇ. 2003ರ ಸುಮಾರಿನಲ್ಲಿ ಆಟದ ಗಣಕಗಳಿಗೆಂದು ದುಬಾರಿ ಬೆಲೆಗೆ ಮಾರುತ್ತಿದ್ದ ಡಿಡಿಆರ್ 400, ಸಿಎಲ್2? ಲೆಕ್ಕ ಹಾಕಿ ನೋಡಿ, ಅದೂ 10 ನ್ಯಾನೋಸೆಕೆಂಡು!

ಎಂದರೆ ಇಪ್ಪತ್ತು ವರ್ಷಗಳಲ್ಲಿ ಏನೂ ಬದಲಾಗಲಿಲ್ಲವೇ? ಬದಲಾಗಿದೆ, ಬೇರೆ ಕಡೆ. ಕೆರೆಯ ತೂಬು ಎತ್ತಿದ ಮೇಲೆ ಮೊದಲ ನೀರು ನಿಮ್ಮ ಗದ್ದೆಗೆ ಬರಲು ತಗಲುವ ಹೊತ್ತು ಒಂದು. ಬರತೊಡಗಿದ ಮೇಲೆ ಗಂಟೆಗೆ ಎಷ್ಟು ನೀರು ಹರಿಯುತ್ತದೆ ಎಂಬುದು ಇನ್ನೊಂದು. ಕಾಲುವೆಯನ್ನು ಎಷ್ಟು ಅಗಲ ಮಾಡಿದರೂ ಮೊದಲನೆಯದು ಹೆಚ್ಚು ಕಡಿಮೆಯಾಗದು. ಡಿಡಿಆರ್ 400ರ ಒಂದು ಸ್ಟಿಕ್ ಸೆಕೆಂಡಿಗೆ 3.2 ಜಿಬಿ ಹರಿಸುತ್ತಿತ್ತು, ಡಿಡಿಆರ್5 6000 ಹರಿಸುವುದು 48 ಜಿಬಿ. ಹದಿನೈದು ಪಟ್ಟು ಅಗಲವಾಗಿರುವುದು ಕಾಲುವೆ, ತೂಬಿನಿಂದ ಗದ್ದೆಗಿರುವ ದೂರ ಹಾಗೇ ಇದೆ. ಧಾರಕದಿಂದ ಸೂಕ್ಷ್ಮ ಆವೇಶವನ್ನು ಗುರುತಿಸಿ ಹಿಗ್ಗಿಸಲು ಬೇಕಾಗುವ ಕಾಲ ಅಷ್ಟು ಸುಲಭವಾಗಿ ಇಳಿಯುವಂಥದ್ದಲ್ಲ.

ಹಾಗಾದರೆ ಸಿಎಲ್36 ಬಿಟ್ಟು ಸಿಎಲ್30 ಕೊಂಡರೆ ಉಳಿಯುವುದು ಎಷ್ಟು? ಎರಡು ನ್ಯಾನೋಸೆಕೆಂಡು. ಪ್ರೊಸೆಸರಿನಿಂದ ಹೊರಟ ಕೋರಿಕೆ ಸ್ಮೃತಿಗೆ ಹೋಗಿ ಉತ್ತರ ತರುವ ಪೂರ್ತಿ ಪ್ರಯಾಣಕ್ಕೆ ಇಂದಿನ ಗಣಕಗಳಲ್ಲಿ ಸುಮಾರು 60ರಿಂದ 90 ನ್ಯಾನೋಸೆಕೆಂಡು ಹಿಡಿಯುತ್ತದೆ. ಅದರಲ್ಲಿ ಎರಡು ಎಂದರೆ ನೂರಕ್ಕೆ ಮೂರರಷ್ಟು. ಮೇಲಾಗಿ ಪ್ರೊಸೆಸರಿನೊಳಗೇ ಇರುವ ಕ್ಯಾಷ್ ಸ್ಮೃತಿ ಬಹುಪಾಲು ಕೋರಿಕೆಗಳನ್ನು ಹೊರಗೆ ಹೋಗಲು ಬಿಡುವುದೇ ಇಲ್ಲ. ಈ ವ್ಯತ್ಯಾಸವನ್ನು ಅಳೆದು ತೋರಿಸುವವರು ಆಟಗಳ ದೃಶ್ಯವೇಗವನ್ನು ಅಳೆಯುತ್ತಾರೆ, ಅದೂ ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ, ಪರದೆಯ ಸೂಕ್ಷ್ಮತೆ ಇಳಿಸಿ. ಅವರ ಅಳತೆ ಸುಳ್ಳಲ್ಲ. ಆದರೆ ಅದು ನಿಮ್ಮ ಕೆಲಸದ ಅಳತೆಯಲ್ಲ.

ಒಂದು ಅಪವಾದವನ್ನು ನ್ಯಾಯವಾಗಿ ಹೇಳಬೇಕು. ಗ್ರಾಫಿಕ್ಸ್ ಕಾರ್ಡಿಲ್ಲದೆ ಪ್ರೊಸೆಸರಿನ ಮೇಲೆಯೇ ಭಾಷಾ ಮಾದರಿಗಳನ್ನು ಓಡಿಸುವವರಿಗೆ ಕಾಲುವೆಯ ಅಗಲವೇ ಎಲ್ಲ. ಒಂದೊಂದು ಪದತುಣುಕು ಹೊರಡಿಸಲೂ ಇಡೀ ಮಾದರಿಯನ್ನು ಸ್ಮೃತಿಯಿಂದ ಒಮ್ಮೆ ಓದಬೇಕಾಗುತ್ತದೆ. 40 ಜಿಬಿಯ ಮಾದರಿ, ಎರಡು ಸ್ಟಿಕ್ ಸೇರಿ ಸೆಕೆಂಡಿಗೆ 96 ಜಿಬಿ ಹರಿವು ಎಂದರೆ ಸೆಕೆಂಡಿಗೆ ಹೆಚ್ಚೆಂದರೆ ಎರಡು ತುಣುಕು. ಕನ್ನಡದ ಒಂದು ಪದ ಹಲವು ತುಣುಕುಗಳಾಗಿ ಒಡೆಯುವುದರಿಂದ ನಮಗೆ ಅದು ಇನ್ನೂ ನಿಧಾನ. ಇಲ್ಲಿ 6000ಕ್ಕೂ 4800ಕ್ಕೂ ನಡುವಿನ ವ್ಯತ್ಯಾಸ ಕೈಗೆ ಸಿಗುತ್ತದೆ.

ಬೆಟ್ಟದ ಲೆಕ್ಕ

ಎಷ್ಟು ಸ್ಮೃತಿ ಬೇಕು ಎಂಬ ಪ್ರಶ್ನೆಗೆ ‘ಈಗಿನ ಕಾಲಕ್ಕೆ 32 ಸಾಕು’, ‘ಹೈ ಎಂಡ್ ಅಂದರೆ 64’ ಎಂಬ ಸಿದ್ಧ ಉತ್ತರಗಳು ಸಿಗುತ್ತವೆ. ಇವು ಉತ್ತರಗಳಲ್ಲ, ವಾಡಿಕೆಗಳು. ಯಳಂದೂರಿನದೇ ಒಂದು ಕೆಲಸವನ್ನು ತೆಗೆದುಕೊಂಡು ಲೆಕ್ಕ ಹಾಕೋಣ.

ನಮ್ಮ ಪಕ್ಕದ ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರ ವಿಸ್ತೀರ್ಣ ಸುಮಾರು 575 ಚದರ ಕಿಲೋಮೀಟರು. ಅದೇ ವರ್ಷ ಅಲ್ಲಿನ ಸೋಲಿಗರ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರಗಳು ದೊರೆತವು. ಅದಕ್ಕೂ ಮುಂಚೆಯೇ ಸೋಲಿಗರು ಮತ್ತು ಏಟ್ರೀ ಸಂಸ್ಥೆಯ ಸಂಶೋಧಕರು ಜೊತೆಗೂಡಿ ಕಾಡಿನೊಳಗಿನ ನೂರಾರು ಪವಿತ್ರ ತಾಣಗಳನ್ನೂ ಕುಲಗಳ ಎಲ್ಲೆಗಳನ್ನೂ ಜಿಪಿಎಸ್ ಹಿಡಿದು ನಕ್ಷೆಗೆ ಇಳಿಸಿದ್ದರು. ಲಂಟಾನದ ಪೊದೆ ಹೇಗೆ ಹಬ್ಬಿದೆ, ಬೆಂಕಿ ಎಲ್ಲಿ ಬಿತ್ತು, ಮಳೆಯ ನಂತರ ಹಸಿರು ಎಲ್ಲಿ ಮರಳಿತು ಎಂಬ ಪ್ರಶ್ನೆಗಳನ್ನು ಇಂದು ಆಸಕ್ತಿಯುಳ್ಳ ಕಾಲೇಜು ವಿದ್ಯಾರ್ಥಿಯೂ ಮನೆಯ ಗಣಕದಲ್ಲಿ ಕೈಗೆತ್ತಿಕೊಳ್ಳಬಹುದು. ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ.

ಈ ಚಿತ್ರದ ಒಂದು ಹಾಳೆ ಬದಿಗೆ ಸುಮಾರು 110 ಕಿಲೋಮೀಟರಿನ ಚೌಕ. 10 ಮೀಟರಿಗೊಂದು ಚುಕ್ಕಿಯಂತೆ ಬದಿಗೆ 10,980 ಚುಕ್ಕಿಗಳು, ಒಟ್ಟು 12 ಕೋಟಿ ಚಿಲ್ಲರೆ. ಚುಕ್ಕಿಯೊಂದಕ್ಕೆ 2 ಬೈಟ್ ಎಂದರೆ ಒಂದು ವರ್ಣಪಟ್ಟಿಗೆ 241 ಎಂಬಿ. ಇಂಥ 13 ಪಟ್ಟಿಗಳಿವೆ. ಎಲ್ಲವನ್ನೂ 10 ಮೀಟರಿಗೆ ತಂದರೆ 3.1 ಜಿಬಿ. ಆದರೆ ಲೆಕ್ಕ ಮಾಡುವಾಗ ಬಹಳಷ್ಟು ತಂತ್ರಾಂಶಗಳು ಪ್ರತಿ ಚುಕ್ಕಿಯನ್ನೂ 8 ಬೈಟಿನ ದಶಮಾಂಶ ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತವೆ. ಆಗ ಅದೇ ಹಾಳೆ 12.5 ಜಿಬಿ ಆಗುತ್ತದೆ. ನಡುವಿನ ಒಂದೆರಡು ಪ್ರತಿಗಳನ್ನು ಸೇರಿಸಿದರೆ 25ರಿಂದ 37 ಜಿಬಿ. 32 ಜಿಬಿಯ ಗಣಕ ಇಲ್ಲಿ ಉಸಿರುಗಟ್ಟುತ್ತದೆ. ಸ್ಮೃತಿ ತುಂಬಿ ಡಿಸ್ಕಿನ ಮೇಲೆ ಚೆಲ್ಲತೊಡಗಿದೊಡನೆ ವೇಗ ನೂರಾರು ಪಟ್ಟು ಕುಸಿಯುತ್ತದೆ. ಸಿಎಲ್30ರ ಎರಡು ನ್ಯಾನೋಸೆಕೆಂಡು ಅಲ್ಲಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಈಗ ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ನಿಮಗೆ ಬೇಕಾದದ್ದು ಇಡೀ ಹಾಳೆಯಲ್ಲ, ಬೆಟ್ಟದ 575 ಚದರ ಕಿಲೋಮೀಟರು ಮಾತ್ರ. ಅಂದರೆ 57.5 ಲಕ್ಷ ಚುಕ್ಕಿ, 13 ಪಟ್ಟಿ, 8 ಬೈಟ್, ಒಟ್ಟು 600 ಎಂಬಿ. ಕಾಡಿನ ಗಡಿ ಚೌಕವಲ್ಲದ್ದರಿಂದ ಸುತ್ತಲಿನ ಜಾಗವೂ ಸೇರಿ ಎರಡು ಮೂರು ಪಟ್ಟಾದರೂ 2 ಜಿಬಿ ದಾಟದು. ಮೊದಲು ಕತ್ತರಿಸಿ ನಂತರ ಲೆಕ್ಕ ಮಾಡುವವರಿಗೆ 16 ಜಿಬಿಯೂ ಧಾರಾಳ! ಇನ್ನೊಂದು ಹೆಜ್ಜೆ ಮುಂದೆ ಹೋಗಿ ಐದು ದಿನಕ್ಕೊಂದರಂತೆ ವರ್ಷದ 73 ಚಿತ್ರಗಳನ್ನೂ ಒಟ್ಟಿಗೆ ಸ್ಮೃತಿಯಲ್ಲಿ ಇಟ್ಟುಕೊಂಡು ಪ್ರತಿ ಚುಕ್ಕಿಯ ವರ್ಷಚರಿತ್ರೆ ನೋಡಬೇಕೆಂದರೆ, ಬೆಟ್ಟವೊಂದಕ್ಕೇ 44 ಜಿಬಿ. ಮಳೆಗಾಲದಲ್ಲಿ ಮೋಡ ಮುಚ್ಚಿದ ಚಿತ್ರಗಳನ್ನು ಬಿಟ್ಟರೆ ಸ್ವಲ್ಪ ಕಡಿಮೆ. ಇಂಥವರಿಗೆ 64 ಅಥವಾ 96 ಜಿಬಿ ಆಡಂಬರವಲ್ಲ.

ಒಂದೇ ಊರು, ಒಂದೇ ಕಾಡು, ಒಂದೇ ಉಪಗ್ರಹ. ಉತ್ತರ ಮಾತ್ರ 16ರಿಂದ 96ರವರೆಗೆ ಹರಡಿಕೊಂಡಿದೆ. ‘ಈಗಿನ ಕಾಲಕ್ಕೆ 32’ ಎಂಬುದು ಯಾರ ಕಾಲಕ್ಕೆ? ಗೌರೀಶ್ವರ ದೇವಾಲಯದ ಬಳೆ ಮಂಟಪವನ್ನು ನೂರಾರು ಛಾಯಾಚಿತ್ರಗಳಿಂದ ಮೂರು ಆಯಾಮದ ಮಾದರಿಯಾಗಿ ಕಟ್ಟಬೇಕೆನ್ನುವವರು ಇದೇ ರೀತಿ ತಮ್ಮ ಲೆಕ್ಕ ಮಾಡಿಕೊಳ್ಳಬಹುದು. 24 ಮೆಗಾಪಿಕ್ಸೆಲ್ಲಿನ ಒಂದು ಚಿತ್ರ ಬಿಡಿಸಿಟ್ಟರೆ 72 ಎಂಬಿ. ಮದುವೆಯ ವೀಡಿಯೋ ಸಂಕಲಿಸುವವರು, ಕನ್ನಡ ಪುಸ್ತಕದ ಪುಟ ಜೋಡಿಸುವವರು ಈಗಿರುವ ಗಣಕದಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು ಅತಿ ಭಾರದ ಕೆಲಸದ ನಡುವೆ ಎಷ್ಟು ತುಂಬಿದೆ ನೋಡಿದರೆ ಸಾಕು.

‘ಮುಂದೆ ಇನ್ನೊಂದು ಹಾಕಿಸಿಕೊಳ್ಳಿ’

2005ರಲ್ಲಿ ಇದು ಒಳ್ಳೆಯ ಸಲಹೆಯಾಗಿತ್ತು. ಈಗ ಒಂದು ಸ್ಟಿಕ್, ಹಣ ಕೂಡಿದಾಗ ಇನ್ನೊಂದು. ಡಿಡಿಆರ್5ರ ಕಾಲದಲ್ಲಿ ಇದು ಕೆಟ್ಟ ಸಲಹೆ, ಆದರೂ ಅಂಗಡಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಮೊದಲನೆಯದಾಗಿ, ಒಂದೇ ಸ್ಟಿಕ್ ಹಾಕಿದರೆ ಎರಡು ಕಾಲುವೆಗಳಲ್ಲಿ ಒಂದು ಒಣಗಿಯೇ ಇರುತ್ತದೆ, ಹರಿವು ಅರ್ಧವಾಗುತ್ತದೆ. ಎರಡನೆಯದಾಗಿ, ವರ್ಷದ ಮೇಲೆ ತರುವ ಸ್ಟಿಕ್ಕಿನ ಹೆಸರು ಅದೇ ಆಗಿದ್ದರೂ ಒಳಗಿನ ಚಿಪ್ಪು ಬೇರೆ ತಯಾರಕರದಾಗಿರಬಹುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮದರ್‌ಬೋರ್ಡಿನಲ್ಲಿ ನಾಲ್ಕು ಕಿಂಡಿಗಳಿವೆ ಎಂದು ನಾಲ್ಕನ್ನೂ ತುಂಬಿದರೆ ವೇಗ ಕುಸಿಯುತ್ತದೆ. ಮೇಲೆ ಹೇಳಿದ ರೈಜೆನ್ 7000 ಮತ್ತು 9000 ಸರಣಿಗಳಲ್ಲಿ ನಾಲ್ಕು ಸ್ಟಿಕ್ ಹಾಕಿದಾಗ ಅಧಿಕೃತ ದರ 3600ಕ್ಕೆ ಇಳಿಯುತ್ತದೆ. ಒಂದೇ ತಂತಿಗೆ ಎರಡೆರಡು ಸ್ಟಿಕ್ ನೇತುಹಾಕಿದಾಗ ಸಂಕೇತ ಕಲಕುವುದೇ ಇದಕ್ಕೆ ಕಾರಣ. 6000ದ ಸ್ಟಿಕ್ ನಾಲ್ಕು ಕೊಂಡವರು 6000ಕ್ಕೆ ಹಣ ಕೊಟ್ಟು 3600 ಪಡೆಯುತ್ತಾರೆ. ಇದನ್ನು ಯಾವ ಪೆಟ್ಟಿಗೆಯ ಮೇಲೂ ಅಚ್ಚು ಹಾಕಿಲ್ಲ. ಆದ್ದರಿಂದ ಮುಂದೆ ಬೇಕಾಗುವಷ್ಟನ್ನೂ ಎರಡೇ ಸ್ಟಿಕ್ಕಿನಲ್ಲಿ, ಒಂದೇ ಪೆಟ್ಟಿಗೆಯಲ್ಲಿ ಜೋಡಿಯಾಗಿ ಬಂದದ್ದನ್ನು ಕೊಳ್ಳಿ. 24, 48 ಜಿಬಿಯ ಸ್ಟಿಕ್ಕುಗಳು 2023ರಿಂದ ಸಿಗುತ್ತಿರುವುದರಿಂದ 48 ಅಥವಾ 96 ಜಿಬಿಯೂ ಎರಡೇ ಕಿಂಡಿಯಲ್ಲಿ ಕೂರುತ್ತದೆ.

ಮದರ್‌ಬೋರ್ಡ್ ತಯಾರಕರು ತಾವು ಪರೀಕ್ಷಿಸಿ ನೋಡಿದ ಸ್ಮೃತಿಗಳ ಪಟ್ಟಿಯೊಂದನ್ನು ಪ್ರಕಟಿಸುತ್ತಾರೆ. ಊರು ದೂರವಿದ್ದವರಿಗೆ ಈ ಪಟ್ಟಿ ಪೆಟ್ಟಿಗೆಗಿಂತ ಬೆಲೆಯುಳ್ಳದ್ದು. ಹಣ ಕೊಡುವ ಮುನ್ನ ಸ್ಟಿಕ್ಕಿನ ಪೂರ್ತಿ ಮಾದರಿ ಸಂಖ್ಯೆ ಅದರಲ್ಲಿದೆಯೇ ನೋಡಿ. ಡಿಡಿಆರ್4ಕ್ಕೂ 5ಕ್ಕೂ 288 ಕಾಲುಗಳೇ ಇದ್ದರೂ ನಡುವಿನ ಕಚ್ಚು ಬೇರೆ ಕಡೆ ಇರುವುದರಿಂದ ಒಂದರ ಕಿಂಡಿಗೆ ಇನ್ನೊಂದು ಕೂರುವುದಿಲ್ಲ. ಇನ್ನು ಆರ್‌ಜಿಬಿ ದೀಪಗಳು. ಅವುಗಳಿಂದ ಸ್ಮೃತಿಗೆ ಯಾವ ಉಪಯೋಗವೂ ಇಲ್ಲ. ಎತ್ತರದ ಅಲಂಕಾರ ತಗಡು ಪ್ರೊಸೆಸರಿನ ಫ್ಯಾನಿಗೆ ತಾಗಿ ಜೋಡಣೆ ನಿಂತುಹೋದ ಉದಾಹರಣೆಗಳು ಬೇಕಾದಷ್ಟಿವೆ.

ತಪ್ಪಿದರೆ ಗೊತ್ತಾಗುತ್ತದೆಯೇ?

2003ರ ಮೇ 18ರಂದು ಬೆಲ್ಜಿಯಂ ದೇಶದಲ್ಲಿ ಚುನಾವಣೆ ನಡೆಯಿತು. ಸ್ಕಾರ್‌ಬೇಕ್ ಎಂಬಲ್ಲಿ ಅಭ್ಯರ್ಥಿಯೊಬ್ಬರಿಗೆ ಬರಬಾರದಷ್ಟು ಮತಗಳು ಗಣಕದಲ್ಲಿ ದಾಖಲಾಗಿದ್ದವು. ಮತ್ತೆ ಎಣಿಸಿದಾಗ ಹೆಚ್ಚಾಗಿದ್ದದ್ದು ಸರಿಯಾಗಿ 4096 ಮತ. ಗಣಿತ ಬಲ್ಲ ನಿಮಗೆ ಈ ಸಂಖ್ಯೆ ಕಂಡೊಡನೆ ಹೊಳೆಯುತ್ತದೆ, ಅದು ಎರಡರ ಹನ್ನೆರಡನೆಯ ಘಾತ. ಸ್ಮೃತಿಯ ಒಂದೇ ಒಂದು ಬಿಟ್ 0ಯಿಂದ 1ಕ್ಕೆ ತಿರುಗಿದ್ದರೆ ಸಾಕು. ತಂತ್ರಾಂಶದಲ್ಲಿ ದೋಷ ಸಿಗಲಿಲ್ಲವಾದ್ದರಿಂದ ಹೀಗೇ ಆಗಿರಬೇಕೆಂಬ ತೀರ್ಮಾನಕ್ಕೆ ತಜ್ಞರು ಬಂದರು.

ಈ ಕಥೆ ಹೇಳುವವರೆಲ್ಲ ವಿಶ್ವಕಿರಣಗಳನ್ನು ದೂರುತ್ತಾರೆ. ನಮಗೆ ವಿಶ್ವಕಿರಣ ಹೊಸದಲ್ಲ. ಹೋಮಿ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅದನ್ನು ಅಧ್ಯಯನ ಮಾಡಿದವರು. ಅದರ ಗದ್ದಲದಿಂದ ತಪ್ಪಿಸಿಕೊಳ್ಳಲೆಂದೇ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯ ಆಳಕ್ಕಿಳಿದು 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳನ್ನು ಗುರುತಿಸಿದ್ದು. ವಿಶ್ವಕಿರಣದ ಕಣ ಬಿಟ್ ತಿರುಗಿಸಬಲ್ಲದು ಎಂಬುದು ನಿಜ. ಆದರೆ 2009ರಲ್ಲಿ ಗೂಗಲ್‌ನ ಸರ್ವರುಗಳ ಎರಡೂವರೆ ವರ್ಷದ ದಾಖಲೆಗಳನ್ನು ಪರಿಶೀಲಿಸಿ ಪ್ರಕಟವಾದ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು. ವರ್ಷವೊಂದರಲ್ಲಿ ನೂರು ಸ್ಟಿಕ್ಕುಗಳಲ್ಲಿ ಎಂಟಕ್ಕಿಂತ ಹೆಚ್ಚು ಸ್ಟಿಕ್ಕುಗಳು ತಪ್ಪು ಮಾಡಿದ್ದವು. ಒಮ್ಮೆ ತಪ್ಪಿದ ಸ್ಟಿಕ್ಕೇ ಮತ್ತೆ ಮತ್ತೆ ತಪ್ಪುತ್ತಿತ್ತು. ಎಂದರೆ ಬಹುಪಾಲು ತಪ್ಪು ಆಕಾಶದಿಂದ ಬಂದದ್ದಲ್ಲ, ಸ್ಟಿಕ್ಕಿನಲ್ಲೇ ಇದ್ದ ದೋಷ.

ನಕ್ಷೆಯ ಕೆಲಸಕ್ಕೆ ಇದನ್ನು ಅನ್ವಯಿಸಿ ನೋಡಿ. ಉಪಗ್ರಹ ಚಿತ್ರದ ಕೋಟಿ ಚುಕ್ಕಿಗಳಲ್ಲಿ ಒಂದು ಕೆಟ್ಟರೆ ಏನೂ ಆಗದು. ಆದರೆ ಪೋಡಿನ ಎಲ್ಲೆಯ ಒಂದು ಬಿಂದುವಿನ ಸ್ಥಾನವನ್ನು ಮೀಟರುಗಳಲ್ಲಿ ಪೂರ್ಣಾಂಕವಾಗಿ ಬರೆದಿಟ್ಟಿದ್ದೀರಿ ಎಂದುಕೊಳ್ಳಿ. ಬೆಲ್ಜಿಯಂನ ಅದೇ ಬಿಟ್ ಇಲ್ಲಿ ತಿರುಗಿದರೆ ಬಿಂದು ನಾಲ್ಕು ಕಿಲೋಮೀಟರು ಆಚೆ ಹೋಗಿ ಕೂರುತ್ತದೆ. ನೋಡಿದೊಡನೆ ತಿಳಿಯುತ್ತದೆ, ತಿದ್ದುತ್ತೀರಿ. ಅದರ ಬದಲು ಐದನೆಯ ಬಿಟ್ ತಿರುಗಿದರೆ? ಬಿಂದು ಸರಿಯುವುದು 16 ಮೀಟರು. ಯಾರ ಕಣ್ಣಿಗೂ ಬೀಳದು. ಅದು ಡಿಸ್ಕಿಗೆ ಬರೆಯಲ್ಪಡುತ್ತದೆ, ಬ್ಯಾಕಪ್ಪಿಗೂ ಹೋಗುತ್ತದೆ, ಮುಂದಿನ ನಕ್ಷೆಗಳಿಗೆಲ್ಲ ಅದೇ ಆಧಾರವಾಗುತ್ತದೆ. ಹಕ್ಕುಪತ್ರದ ವಿಷಯದಲ್ಲಿ 16 ಮೀಟರು ಎಂದರೆ ಒಂದು ಮನೆ, ಒಂದು ಬಾವಿ.

ಇದಕ್ಕೆ ಪರಿಹಾರ ಹಳೆಯದು. 64 ಬಿಟ್ಟಿನ ಜೊತೆಗೆ 8 ತಾಳೆಬಿಟ್ಟುಗಳನ್ನು ಇಟ್ಟರೆ ಒಂದು ಬಿಟ್ ತಪ್ಪಿದಾಗ ತಿದ್ದಬಹುದು, ಎರಡು ತಪ್ಪಿದಾಗ ಎಚ್ಚರಿಸಬಹುದು. ಇದೇ ಇಸಿಸಿ ಸ್ಮೃತಿ. ಸರ್ವರುಗಳಲ್ಲಿ ಇದಿಲ್ಲದೆ ನಡೆಯುವುದೇ ಇಲ್ಲ. ಆಟದ ಗಣಕಗಳ ಅತಿ ದುಬಾರಿ ಸ್ಟಿಕ್ಕುಗಳಲ್ಲಿ ಇದು ಇರುವುದಿಲ್ಲ! ಮೇಲ್ದರ್ಜೆ ಎಂಬ ಮಾತಿಗೆ ನನ್ನ ದೊಡ್ಡ ತಕರಾರು ಇರುವುದು ಇಲ್ಲೇ. ಎರಡು ನ್ಯಾನೋಸೆಕೆಂಡಿಗೂ ಬಣ್ಣದ ದೀಪಕ್ಕೂ ಹೆಚ್ಚಿನ ಹಣ ಕೇಳುವ ಪೆಟ್ಟಿಗೆ, ಲೆಕ್ಕ ಸರಿಯಾಗಿರುವುದಕ್ಕೆ ಯಾವ ಭರವಸೆಯನ್ನೂ ಕೊಡುವುದಿಲ್ಲ.

‘ಡಿಡಿಆರ್5ರಲ್ಲಿ ಇಸಿಸಿ ಇದ್ದೇ ಇದೆಯಲ್ಲ’ ಎಂದು ನಿಮಗೆ ಯಾರಾದರೂ ಹೇಳಬಹುದು. ಇದು ಅರ್ಧಸತ್ಯ. ಡಿಡಿಆರ್5ರ ಪ್ರತಿ ಚಿಪ್ಪಿನೊಳಗೂ ತಿದ್ದುವ ಏರ್ಪಾಡು ಇದೆ. ಕೋಶಗಳು ತೀರ ಚಿಕ್ಕದಾದ್ದರಿಂದ ಅದಿಲ್ಲದೆ ಚಿಪ್ಪು ಮಾಡುವುದೇ ಕಷ್ಟವಾಯಿತು. ಆದರೆ ಆ ತಿದ್ದುಪಡಿ ಚಿಪ್ಪಿನೊಳಗೇ ಮುಗಿಯುತ್ತದೆ. ಚಿಪ್ಪಿನಿಂದ ಪ್ರೊಸೆಸರಿನವರೆಗಿನ ದಾರಿಯಲ್ಲಿ ಕೆಡುವುದನ್ನು ಅದು ಕಾಯದು, ತಿದ್ದಿದೆನೆಂದು ನಿಮಗೆ ತಿಳಿಸುವುದೂ ಇಲ್ಲ. ನಿಜವಾದ ಇಸಿಸಿ ಸ್ಟಿಕ್ಕಿನಲ್ಲಿ ಎಂಟರ ಬದಲು ಒಂಬತ್ತು ಅಥವಾ ಹತ್ತು ಚಿಪ್ಪುಗಳು ಸಾಲಾಗಿ ಕಾಣುತ್ತವೆ.

ಅದನ್ನು ಹಾಕಿಕೊಳ್ಳಬೇಕೆಂದರೆ ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಎರಡೂ ಒಪ್ಪಬೇಕು. ಎಎಂಡಿಯ ಎಎಂ5 ಬೋರ್ಡುಗಳಲ್ಲಿ ಕೆಲವು ಒಪ್ಪುತ್ತವೆ, ಬೋರ್ಡಿನ ಕೈಪಿಡಿ ನೋಡಿಯೇ ಕೊಳ್ಳಬೇಕು. ಇಂಟೆಲ್‌ನ 12ರಿಂದ 14ನೆಯ ತಲೆಮಾರಿಗೆ ಡಬ್ಲ್ಯು680 ಚಿಪ್‌ಸೆಟ್ಟಿನ ಬೋರ್ಡೇ ಬೇಕು. ಥ್ರೆಡ್‌ರಿಪ್ಪರ್ 7000ದಂಥ ದೊಡ್ಡ ಗಣಕಗಳಲ್ಲಿ ಬಳಸುವುದು ಆರ್‌ಡಿಮ್ ಎಂಬ ಬೇರೆಯೇ ಜಾತಿ, ಅದು ಸಾಮಾನ್ಯ ಬೋರ್ಡಿಗೆ ಕೂರದು. ಇಸಿಸಿ ಸ್ಟಿಕ್ಕಿನ ದರ 5600ರ ಆಸುಪಾಸು, ಸಿಎಲ್46ರಂಥ ಅಂಕಿ. ನಮ್ಮ ಸೂತ್ರದಂತೆ 16.4 ನ್ಯಾನೋಸೆಕೆಂಡು. ಆಟಕ್ಕಾಗಿಯೇ ಗಣಕ ಕಟ್ಟುವವರು ಇದನ್ನು ಬೇಡವೆಂದರೆ ನಾನು ಒಪ್ಪುತ್ತೇನೆ. ಎಲ್ಲೆ ಗುರುತಿಸುವವರು, ಅಂಗಡಿಯ ಲೆಕ್ಕಪತ್ರ ಇಡುವವರು, ಮನೆತನದ ಹಳೆಯ ಫೋಟೋಗಳನ್ನು ಒಂದೇ ಕಡೆ ಕೂಡಿಡುವವರು ಇದನ್ನೇ ಮೊದಲು ಕೇಳಬೇಕು.

ಬೆಲೆಯ ಮಾತು

ಜಗತ್ತಿನ ಡಿರ‍್ಯಾಮ್ ಚಿಪ್ಪುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮೂರೇ ಕಂಪನಿಗಳಿಂದ ಬರುತ್ತವೆ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಪೆಟ್ಟಿಗೆಯ ಮೇಲೆ ಯಾರ ಹೆಸರಿದ್ದರೂ ಒಳಗಿನದು ಹೆಚ್ಚಾಗಿ ಇವರಲ್ಲೊಬ್ಬರದು. 2025ರ ಕೊನೆಯ ತಿಂಗಳುಗಳಲ್ಲಿ ಈ ಮೂವರ ಉತ್ಪಾದನೆಯ ದೊಡ್ಡ ಪಾಲು ಕೃತಕ ಬುದ್ಧಿಮತ್ತೆಯ ದತ್ತಕೇಂದ್ರಗಳತ್ತ ತಿರುಗಿ, ಡಿಡಿಆರ್5ರ ಅಂಗಡಿ ಬೆಲೆ ಎರಡು ಮೂರು ಪಟ್ಟಾಯಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ದೀಪವಿಲ್ಲದ, ಜೆಡೆಕ್ ದರದ, ಅಗ್ಗದ ಸ್ಟಿಕ್ಕಿಗೆ ಹೆಸರಾಗಿದ್ದ ಗುರುತು ಅದು.

ಬೆಲೆ ಏರಿದಾಗ ಪೆಟ್ಟಿಗೆಯ ಅಂಕಿಗಳನ್ನು ನಂಬುವ ತಪ್ಪು ಇನ್ನೂ ದುಬಾರಿಯಾಗುತ್ತದೆ. ಹಣ ಸೀಮಿತವಾಗಿದ್ದರೆ ಏನನ್ನು ಮೊದಲು ಬಿಡಬೇಕು? ದೀಪವನ್ನು, ನಂತರ ಸಿಎಲ್ ಅಂಕಿಯನ್ನು, ನಂತರ 6000ಕ್ಕಿಂತ ಮೇಲಿನ ವೇಗವನ್ನು. ಪ್ರಮಾಣವನ್ನು ನಿಮ್ಮ ಲೆಕ್ಕಕ್ಕಿಂತ ಕೆಳಗಿಳಿಸಬೇಡಿ, ಲೆಕ್ಕವನ್ನೇ ಮೀರಿ ಏರಿಸಲೂ ಬೇಡಿ. ಡಿಡಿಆರ್4ರ ಗಣಕ ಈಗಾಗಲೇ ಇದ್ದು ಅದರಲ್ಲಿ ಎರಡು ಕಿಂಡಿ ಖಾಲಿಯಿದ್ದರೆ, ಹೊಸ ಗಣಕದ ಆಲೋಚನೆಯನ್ನು ಮುಂದೂಡುವುದೂ ಒಂದು ಆಯ್ಕೆಯೇ.

ತಂದ ಮೇಲೆ

ಸ್ಟಿಕ್ ಮನೆಗೆ ಬಂದ ದಿನ ವಿಂಡೋಸ್ ಹಾಕುವ ಆತುರ ಬೇಡ. ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಇಳಿಸಿ, ಅದರಿಂದಲೇ ಗಣಕ ಚಾಲೂ ಮಾಡಿ ರಾತ್ರಿಯಿಡೀ ಓಡಲು ಬಿಡಿ. ಯುಪಿಎಸ್ ಇರಲಿ, ನಡುವೆ ಕರೆಂಟು ಹೋದರೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಡಿಡಿಆರ್5 ಮೊದಲ ಸಲ ಚಾಲೂ ಆಗುವಾಗ ಪ್ರೊಸೆಸರ್ ಮತ್ತು ಸ್ಟಿಕ್ ಒಂದಕ್ಕೊಂದು ಹೊಂದಿಕೊಳ್ಳಲು ಹಲವು ನಿಮಿಷ ಪರದೆ ಕಪ್ಪಗೇ ಇರಬಹುದು, ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ಮೊದಲ ರಾತ್ರಿ ಎಕ್ಸ್‌ಪೋ ಆನ್ ಮಾಡದೆ, ಎರಡನೆಯ ರಾತ್ರಿ ಆನ್ ಮಾಡಿ ಪರೀಕ್ಷಿಸಿ. ಮೊದಲನೆಯದರಲ್ಲೇ ಕೆಂಪು ಸಾಲು ಬಂದರೆ ಸ್ಟಿಕ್ಕನ್ನೋ ಕಿಂಡಿಯನ್ನೋ ಅನುಮಾನಿಸಬೇಕು. ಎರಡನೆಯದರಲ್ಲಿ ಮಾತ್ರ ಬಂದರೆ ವೇಗವನ್ನು 5600ಕ್ಕೆ ಇಳಿಸಿ ಮತ್ತೆ ನೋಡಿ. ತಪ್ಪು ಯಾವ ಸ್ಟಿಕ್ಕಿನದೆಂದು ತಿಳಿಯಲು ಒಂದೊಂದನ್ನೇ ಒಂದೇ ಕಿಂಡಿಯಲ್ಲಿ ಹಾಕಿ ಓಡಿಸಿ. ಹಿಂದಿರುಗಿಸುವಾಗ ಮಾತ್ರ ಎರಡನ್ನೂ ಕಳಿಸಿ, ಏಕೆಂದರೆ ಜೋಡಿಯಾಗಿ ಮಾರಿದ್ದನ್ನು ತಯಾರಕರು ಸಾಮಾನ್ಯವಾಗಿ ಜೋಡಿಯಾಗಿಯೇ ಬದಲಿಸಿಕೊಡುತ್ತಾರೆ. ಬಿಲ್ಲಿನ ಮೇಲೆ ಎರಡೂ ಸ್ಟಿಕ್ಕುಗಳ ಕ್ರಮಸಂಖ್ಯೆ ಬರೆಸಿಕೊಂಡಿರಬೇಕು.